ಹಳ್ಳ ಬಿಡುವ ಮರ್ಯಾದೆ

ಆಗ ನನಗೆ ಐವತ್ತೆಂಟು. ಇದು ಹದಿನೇಳು ವರ್ಷದ ಹಿಂದಿನ ಮಾತು. ಗಂಡ ತೀರಿಕೊಂಡು ಕೆಲವು ವರ್ಷ ಆಗಿತ್ತು. ಮಂಡಿ ಇನ್ನೂ ಗಟ್ಟಿಯಿತ್ತು, ಬಾಯಿ ಈಗಿನಷ್ಟೇ ಇತ್ತು.

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ನಮ್ಮೂರು. ಮನೆಗಳು ಹೆಚ್ಚಿಲ್ಲ. ಹಳ್ಳ ಒಂದೇ. ಅದು ಗುಡ್ಡದಿಂದ ಇಳಿದು, ನಮ್ಮ ಗದ್ದೆಗಳ ಬದಿಯಲ್ಲಿ ಹರಿದು, ರಸ್ತೆಯ ಮೋರಿ ದಾಟಿ ತುಂಗಾ ಹೊಳೆ ಸೇರುತ್ತದೆ. ಮಳೆಗಾಲದಲ್ಲಿ ಅದನ್ನು ದಾಟಲು ಹೆದರಬೇಕು. ಬೇಸಿಗೆಯಲ್ಲಿ ಅದನ್ನು ಹುಡುಕಬೇಕು.

ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಹಳ್ಳಕ್ಕೆ ಅಡ್ಡಲಾಗಿ ಅಲ್ಲಲ್ಲಿ ಒಡ್ಡು ಹಾಕುತ್ತೇವೆ. ಅದಕ್ಕೆ ಕಟ್ಟ ಎನ್ನುತ್ತೇವೆ. ಮನೆಗೊಂದು ಆಳು ಬರಲೇಬೇಕು. ಕಲ್ಲು ಪೇರಿಸಿ, ಸೊಪ್ಪು ಒತ್ತಿ, ಮಣ್ಣು ಮೆತ್ತಿ, ನಡುವೆ ಹಲಗೆ ಇಳಿಸಲು ಒಂದು ಕಂಡಿ ಬಿಡುತ್ತೇವೆ. ಹಲಗೆ ಇಳಿಸಿದರೆ ನೀರು ನಿಂತು ಕಾಲುವೆಗೆ ಏರುತ್ತದೆ, ಎತ್ತಿದರೆ ಹಳ್ಳದ ಪಾಲಾಗುತ್ತದೆ. ಎಲ್ಲಕ್ಕಿಂತ ಮೇಲಿನ ಕಟ್ಟ ನಮ್ಮದು, ಅಂದರೆ ನನ್ನದೂ ನನ್ನ ಮೈದುನನದೂ. ಅವನ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ. ಕಾಲುವೆಗೆ ಏರಿದ ನೀರಿನಲ್ಲಿ ನಾನು ಗದ್ದೆಯಲ್ಲಿ ಸೌತೆ, ಹರಿವೆ, ಅಲಸಂದೆ ಬೆಳೆದು ಕೊಪ್ಪದ ಸಂತೆಗೆ ಒಯ್ಯುತ್ತಿದ್ದೆ. ಏಪ್ರಿಲ್ ಬಂದರೆ ಕಟ್ಟದ ಹಿಂದೆ ರಾತ್ರಿಯಿಡೀ ಕೂಡಿದ ನೀರು ಬೆಳಿಗ್ಗೆ ಎರಡು ಗದ್ದೆ ನೆನೆಸಿ ಮುಗಿಯುತ್ತಿತ್ತು. ಕಟ್ಟದ ಕೆಳಗೆ ಬರೀ ಕಲ್ಲು.

ಇಲ್ಲಿ ನಮ್ಮೂರಿನ ಒಂದು ರೂಢಿ ಹೇಳಬೇಕು. ಬೇಸಿಗೆಯಲ್ಲಿ ಯಾರ ಮನೆಗಾದರೂ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆಂದರೆ, ಹಿಂದಿನ ದಿನ ಗದ್ದೆಗೆ ನೀರು ಕಟ್ಟದೆ ಎಲ್ಲರ ಕಟ್ಟ ತುಂಬಿಸಿಡುವುದು. ನೆಂಟರು ಬಸ್ಸಿಳಿಯುವ ಹೊತ್ತಿಗೆ ಮೇಲಿನಿಂದ ಒಂದೊಂದೇ ಹಲಗೆ ಎತ್ತಿಬಿಡುವುದು. ಹಳ್ಳ ಗುಳುಗುಳು ಹರಿಯುತ್ತದೆ. ಬಂದವರು ಊಟ ಮಾಡಿ, ಎಲೆ ಅಡಿಕೆ ಹಾಕಿ, ಎದ್ದು ಹೋಗುವವರೆಗೆ ಹರಿದರೆ ಸಾಕು. ಇದಕ್ಕೆ ಹಳ್ಳ ಬಿಡುವುದು ಎನ್ನುತ್ತಾರೆ. ಬೇಲಿ ಜಗಳದಲ್ಲಿ ಮಾತು ಬಿಟ್ಟವನ ಮನೆಗೆ ನೆಂಟರು ಬಂದರೂ ಬಿಡುತ್ತಾರೆ. ನಮ್ಮ ಹಳ್ಳದಲ್ಲಿ ನೀರಿಲ್ಲ ಎಂದು ಹೊರಗಿನವರು ಹೇಳುವಂತಾಗಬಾರದು, ಅಷ್ಟೇ.

ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಎನ್.ಆರ್. ಪುರದ ಕಡೆಯವಳು. ಭದ್ರಾ ಹಿನ್ನೀರಿನ ಬದಿಯಲ್ಲಿ ಬೆಳೆದ ಜನ, ಕಣ್ಣು ಹಾಯಿಸಿದಷ್ಟು ನೀರು ಕಾಣದಿದ್ದರೆ ಅವರಿಗೆ ಅದು ನೀರೇ ಅಲ್ಲ. ಅವಳ ಅಪ್ಪ ಮಾರ್ಚಿನಲ್ಲಿ ಮನೆ ನೋಡಲು ಬಂದು ಮೋರಿಯ ಮೇಲೆ ನಿಂತು ತಲೆದೂಗಿದ್ದರು. ಮದುವೆಯಾಗಿ ಮೊದಲ ಬೇಸಿಗೆಗೆ ಅವಳು ಬಟ್ಟೆ ಹೊತ್ತು ಹಳ್ಳಕ್ಕೆ ಹೋದವಳು ಹಾಗೇ ತಿರುಗಿ ಬಂದಳು.

"ಅಕ್ಕಾ, ಹಳ್ಳ ಎಲ್ಲಿ?"

"ನಿನ್ನ ಅಪ್ಪಯ್ಯ ಬಸ್ಸು ಹತ್ತಿದ ದಿನನೇ ಹೋಯ್ತು ಮಾರಾಯ್ತಿ" ಎಂದೆ. ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಬೇರೆಯವರ ಮನೆಗೆ ನೆಂಟರು ಬಂದಾಗ ಅವಳೇ ಮುಂದೆ ನಿಂತು ಹಲಗೆ ಎತ್ತಿಸುತ್ತಿದ್ದಳು.

ನನಗಿರುವುದು ಒಬ್ಬಳೇ ಮಗಳು. ಅವಳನ್ನು ಕೊಟ್ಟದ್ದು ಗುಡ್ಡದ ಮೇಲಿನ ಊರಿಗೆ, ನಮ್ಮ ಮನೆಯಿಂದ ಏರಿ ಹೋಗುವಷ್ಟು ಹತ್ತಿರಕ್ಕೆ. ಅಲ್ಲಿ ಬಾವಿ ತೋಡಿದರೆ ಬಂಡೆ. ಬೋರ್‌ವೆಲ್ ಕೊರೆಸಿದರು, ಧೂಳು ಬಂತು. ಶಿವರಾತ್ರಿ ಕಳೆದರೆ ಕಾಡಿನಂಚಿನ ಒಂದು ಗುಂಡಿಯಲ್ಲಿ ಚಿಪ್ಪಿನಿಂದ ಮೊಗೆದು ಕೊಡ ತುಂಬಿಸಬೇಕು, ಅದೂ ಸರದಿಯಲ್ಲಿ. ನೀರು ನೋಡದೆ ಹೆಣ್ಣು ಕೊಟ್ಟಿರಾ ಎಂದು ಕೇಳಬೇಡಿ. ನಾವು ನೋಡಲು ಹೋದದ್ದು ಮಳೆಗಾಲದಲ್ಲಿ.

ಆ ಮೇಲಿನ ಊರಿಗೆ ನೀರು ಕೊಡುವ ಒಂದು ಯೋಜನೆ ಆಗ ಬಂತು. ನಮ್ಮ ಹಳ್ಳಕ್ಕೆ ಪಂಪು ಕೂರಿಸಿ, ನೀರನ್ನು ಗುಡ್ಡಕ್ಕೆ ಏರಿಸಿ, ಟ್ಯಾಂಕಿಗೆ ತುಂಬಿಸಿ, ಮನೆ ಮನೆಗೆ ನಲ್ಲಿ ಹಾಕುವುದು. ಹಳ್ಳದಲ್ಲಿ ಸಾಲದಿದ್ದರೆ ಹೊಳೆಯಿಂದಲೇ ಪೈಪು ತರಬೇಕು. ಅದು ದೂರ, ಅದಕ್ಕೆ ಮೇಲಧಿಕಾರಿಗಳ ಮಂಜೂರಾತಿ ಬೇರೆ ಬೇಕು. ಆದ್ದರಿಂದ ಮೊದಲು ಹಳ್ಳದ ನೀರು ಅಳೆಯಲು ಒಬ್ಬಳು ಇಂಜಿನಿಯರ್ ಹುಡುಗಿಯನ್ನು ಕಳಿಸಿದರು.

ತುಮಕೂರು ಕಡೆಯ ಹುಡುಗಿ. ಪ್ಯಾಂಟು ಮಡಚಿಕೊಂಡು ನೇರ ನೀರಿಗಿಳಿಯುತ್ತಿದ್ದಳು. ಕಾಲಿಗೆ ಉಂಬಳ, ಅಂದರೆ ಜಿಗಣೆ, ಹತ್ತಿದರೆ ಕಿರುಚದೆ ಕಿತ್ತು ಬಿಸಾಕುತ್ತಿದ್ದಳು, ಅಷ್ಟಕ್ಕೇ ನನಗೆ ಹಿಡಿಸಿದಳು. ಮೋರಿಯ ಗೋಡೆಗೆ ಗೆರೆ ಎಳೆದ ಪಟ್ಟಿ ಹೊಡೆಸಿದಳು. ಸಣ್ಣ ಚಕ್ರ ಇರುವ ಒಂದು ಕೋಲನ್ನು ನೀರಲ್ಲಿ ಅದ್ದಿ ಎಷ್ಟು ವೇಗದಲ್ಲಿ ಹರಿಯುತ್ತದೆ ಎಂದು ನೋಡುತ್ತಿದ್ದಳು. ಮಳೆಗಾಲದಲ್ಲಿ ಬಂದಳು, ದೀಪಾವಳಿ ಕಳೆದ ಮೇಲೆ ಬಂದಳು, ಬೇಸಿಗೆಯಲ್ಲೂ ಬಂದಳು. ಪ್ರತಿ ಸಲ ಬರುವ ಮುಂಚಿನ ದಿನ ಮೈದುನನ ಮನೆಗೆ ಫೋನ್ ಮಾಡುತ್ತಿದ್ದಳು: "ನಾಳೆ ಬರ್ತೀನಿ, ಮನೇಲಿ ಇರ್ತೀರಲ್ಲ?"

ಹೇಳದೆ ಕೇಳದೆ ಬರಬಾರದೆಂಬುದು ಅವಳ ಮರ್ಯಾದೆ. ಹೇಳಿ ಬಂದವಳಿಗೆ ಒಣ ಹಳ್ಳ ತೋರಿಸಬಾರದೆಂಬುದು ನಮ್ಮ ಮರ್ಯಾದೆ. ಮೈದುನ ಕಟ್ಟ ತುಂಬಿಸಿಟ್ಟು, ಜೀಪಿನ ಸದ್ದು ಕೇಳುವ ಮುಂಚೆ ಹಲಗೆ ಎತ್ತುತ್ತಿದ್ದ. ಕೆಳಗಿನ ಕಟ್ಟದವರೂ ಎತ್ತುತ್ತಿದ್ದರು. ಯಾರೂ ಕೂತು ಮಾತಾಡಿ ಮಾಡಿದ್ದಲ್ಲ. ನೆಂಟರು ಬಂದಾಗ ಜಗಲಿ ಗುಡಿಸುವ ಹಾಗೆ ಆಗಿಹೋಗುತ್ತಿತ್ತು. ಅದರಿಂದ ಅವಳ ಅಳತೆ ಕೆಡುತ್ತದೆಂದು ನನ್ನ ತಲೆಗೂ ಹೊಳೆದಿರಲಿಲ್ಲ.

ಹೊಳೆದದ್ದು ಅವಳು ನಮ್ಮ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದ ದಿನ. ಯುಗಾದಿ ಕಳೆದಿತ್ತು. ಮಜ್ಜಿಗೆ ಕೊಟ್ಟು, ಅದೇನು ನೋಡುತ್ತೀ ಎಂದು ಕೇಳಿದೆ.

"ಇದು ನಿಮ್ಮ ಹಳ್ಳನೇ ಅಮ್ಮ" ಎಂದಳು. "ಮಳೆ ಎಷ್ಟು ಬಿತ್ತು, ಗುಡ್ಡ ಎಷ್ಟು ಇಳಿಜಾರು, ಕಾಡೆಷ್ಟು, ಗದ್ದೆ ಎಷ್ಟು, ಮಣ್ಣು ಎಷ್ಟು ನೀರು ಕುಡಿಯುತ್ತೆ, ಅದನ್ನೆಲ್ಲ ಇದಕ್ಕೆ ಹಾಕ್ತೀವಿ. ಯಾವತ್ತು ಹಳ್ಳದಲ್ಲಿ ಎಷ್ಟು ನೀರಿರಬೇಕು ಅಂತ ಇದು ಹೇಳುತ್ತೆ. ನಾನು ಅಳೆದಿದ್ದು ಅದಕ್ಕೆ ಹೊಂದಿದ್ರೆ ಇದನ್ನ ನಂಬಬಹುದು. ಆಮೇಲೆ ಮಳೆ ಕಮ್ಮಿಯಾದ ವರ್ಷ ಏನಾಗುತ್ತೆ ಅಂತ ಇದನ್ನೇ ಕೇಳಬಹುದು."

"ಅಂದ್ರೆ ಪೆಟ್ಟಿಗೆ ಒಳಗೊಂದು ಹಳ್ಳ ಸಾಕಿದ್ದೀ."

"ಹೂಂ, ಮಾಡೆಲ್ ಅಂತೀವಿ."

ಪರದೆಯ ಮೇಲೆ ಒಂದು ನೀಲಿ ಗೆರೆ ಇತ್ತು, ಅದು ಪೆಟ್ಟಿಗೆ ಹೇಳಿದ ನೀರು. ಕೆಂಪು ಚುಕ್ಕಿಗಳಿದ್ದವು, ಅವು ಅವಳು ಅಳೆದ ನೀರು. ಮಳೆಗಾಲದಲ್ಲಿ ಚುಕ್ಕಿಗಳು ಗೆರೆಯ ಮೇಲೇ ಕೂತಿದ್ದವು. ಬೇಸಿಗೆ ಬಂದದ್ದೇ ಗೆರೆ ನೆಲಕ್ಕೆ ಮಲಗಿತ್ತು, ಚುಕ್ಕಿಗಳು ಮಾತ್ರ ಮೇಲೆ ತೇಲುತ್ತಿದ್ದವು.

"ನೋಡಿ, ಮಳೆ ಒಂದು ಹನಿ ಇಲ್ಲ, ಹಳ್ಳ ಎದ್ದಿದೆ" ಎಂದಳು. "ಅಳೆದಿದ್ದೇ ನಿಜ, ಲೆಕ್ಕ ಸರಿಮಾಡು ಅಂದ್ರು ನಮ್ಮ ಸಾಹೇಬ್ರು. ಗುಡ್ಡದ ಮಣ್ಣೊಳಗೆ ಇನ್ನಷ್ಟು ನೀರು ಕೂತಿದೆ ಅಂತ ಇಟ್ರೆ ಗೆರೆ ಮೇಲೆ ಬಂದು ಚುಕ್ಕಿ ಮುಟ್ಟುತ್ತೆ. ಇಟ್ಟು ನೋಡಿದೆ, ಮುಟ್ಟಿತು. ಆದ್ರೆ ಆ ನೀರು ಎಲ್ಲಿದೆ ಅಂತ ನನಗೆ ಗೊತ್ತಾಗ್ತಿಲ್ಲ. ಮೇಲೆ ಎಲ್ಲಾದ್ರೂ ಒರತೆ ಇದೆಯಾ?"

ಮೈದುನ ಕಂಬಕ್ಕೆ ಒರಗಿ ಕೂತಿದ್ದ. "ಇದೆಯಲ ಮೇಡಂ!" ಎಂದ. "ನಮ್ಮ ಅಜ್ಜನ ಕಾಲದಿಂದ ಬತ್ತಿದ್ದಿಲ್ಲ."

ಅವಳು ಇನ್ನೊಂದು ಸಲ ಬಂದು ಕೊನೆಯ ಅಳತೆ ತೆಗೆದುಕೊಂಡು ವರದಿ ಕೊಡುವುದೆಂದೂ, ಅದು ಹೋದ ಮೇಲೆ ಪಂಪಿನ ಜಾಗ ಖಾಯಂ ಎಂದೂ ಹೇಳಿ ಹೋದಳು. ಬಂದವಳ ಎದುರಿಗೆ ಮೈದುನನನ್ನು ಸುಳ್ಳುಗಾರನನ್ನಾಗಿ ಮಾಡುವುದು ಬೇಡವೆಂದು ಜೀಪು ತಿರುವು ದಾಟುವ ತನಕ ಕಾದೆ.

"ಯಾವ ಒರತೆ ಮಾರಾಯ? ನಿನ್ನ ಬಾಯೊಳಗಿಂದಾ?"

"ಎಂತ ಅತ್ತಿಗೆ ನೀನು. ಅಳೆಯಕ್ಕೆ ಬಂದವರ ಎದುರಿಗೆ ನಮ್ಮ ಹಳ್ಳ ಬರೀ ಕಲ್ಲು ಅಂತ ಹೇಳದಾ? ಪೇಪರಲ್ಲಿ ಬಂದ್ರೆ? ನಾಳೆ ಈ ಊರಿಗೆ ಯಾರು ಹೆಣ್ಣು ಕೊಡ್ತಾರೆ?"

"ಆ ಪಂಪು ಏಪ್ರಿಲಲ್ಲಿ ಎಂತ ಎಳೀತದೆ? ಏಡಿಯಾ?"

"ಮಳೆಗಾಲಕ್ಕಾದ್ರೂ ಎಳೀತದಲ. ಅಲ್ಲ, ನೀರು ಹೋಗದು ನಿನ್ನ ಮಗಳ ಮನೆಗೆ. ನಿನಗೆಂತ ಹೊಟ್ಟೆ ಉರಿ?"

ಮಳೆಗಾಲದಲ್ಲಿ ಗುಡ್ಡದ ಮೇಲೆ ನೀರಿಗೆ ಬರವೇ? ಮಾಡಿನ ಕೆಳಗೆ ಹಂಡೆ ಇಟ್ಟರೆ ತುಂಬುತ್ತದೆ. ಅವರಿಗೆ ನೀರು ಬೇಕಾದದ್ದು ಹಳ್ಳ ಒಣಗುವ ಕಾಲದಲ್ಲೇ. ಇನ್ನು ಸರ್ಕಾರದ ಸಂಗತಿ ನನಗೆ ಗೊತ್ತು. ಒಂದು ಊರಿಗೆ ಒಮ್ಮೆ ಟ್ಯಾಂಕು ಕಟ್ಟಿ ನಲ್ಲಿ ಹಾಕಿದರೆ ಆ ಊರಿಗೆ ನೀರು ಕೊಟ್ಟಾಯಿತು ಎಂದು ಬರೆದು ಮುಗಿಸುತ್ತಾರೆ. ನಲ್ಲಿಯಲ್ಲಿ ನೀರು ಬಂತೋ ಗಾಳಿ ಬಂತೋ ಆಮೇಲೆ ಕೇಳುವವರಿಲ್ಲ. ನನ್ನ ಮಗಳು ಮುದುಕಿಯಾಗುವವರೆಗೆ ಒಣ ನಲ್ಲಿಯ ಎದುರು ಆ ಗುಂಡಿಯ ನೀರನ್ನೇ ಹೊರಬೇಕಾಗುತ್ತಿತ್ತು.

ಮರುದಿನ ಗುಡ್ಡ ಹತ್ತಿ ಮಗಳಿಗೇ ಹೇಳಿದೆ. ಗುಂಡಿಯ ಬಳಿ ಸರದಿಗೆ ಕೂತಿದ್ದಳು. ನೆತ್ತಿಯ ಮೇಲೆ ಸಿಂಬೆ, ಪಕ್ಕದಲ್ಲಿ ಖಾಲಿ ಕೊಡ. ಪೂರ್ತಿ ಕೇಳಿಸಿಕೊಂಡಳು.

"ಅವ್ವ, ನೀನು ಬಾಯಿ ಬಿಡಬೇಡ" ಎಂದಳು.

"ಹಳ್ಳದಲ್ಲಿ ನೀರಿಲ್ಲ ಕಣೆ."

"ಗೊತ್ತು. ನಾನೂ ಆ ಮನೇಲೇ ಹುಟ್ಟಿದವಳು. ಜನವರಿ ತನಕ ಬಂದ್ರೂ ಬರಲಿ. ಹೊಳೆ ಪೈಪು ಅಂತ ಶುರು ಮಾಡಿದ್ರೆ ಇವರು ಎಂತದೂ ಮಾಡದಿಲ್ಲ. ಇದೂ ಹೋಗ್ತದೆ, ಅದೂ ಬರದಿಲ್ಲ. ನನ್ನ ಕುತ್ತಿಗೆ ನೋಡು ಒಂದ್ಸಲ."

"ಜನವರಿ ತನಕ ನಿನಗೆ ನೀರಿಗೆಂತ ಕಷ್ಟ?"

"ನೀನು ಕಟ್ಟದ ಪಕ್ಕ ಕೂತು ಹೇಳ್ತೀ. ನಿನಗೆ ಎಂತ ಗೊತ್ತು" ಎಂದು ಎದ್ದಳು, ಅವಳ ಸರದಿ ಬಂದಿತ್ತು. ಚಿಪ್ಪಿನಲ್ಲಿ ಮೊಗೆಯುವಾಗ ಮಣ್ಣು ಏಳಬಾರದೆಂದು ಕೈಯನ್ನು ಎಷ್ಟು ಮೆಲ್ಲಗೆ ಆಡಿಸುತ್ತಿದ್ದಳೆಂದರೆ, ಮಗುವಿಗೆ ಮದ್ದು ಕುಡಿಸುವಾಗಲೂ ಅಷ್ಟು ಮೆಲ್ಲಗೆ ಆಡಿಸಿದವಳಲ್ಲ. ನಾನು ನೋಡಿದೆ, ಇಳಿದು ಬಂದೆ. ಅವಳ ಮಾತಿನಲ್ಲಿ ನ್ಯಾಯ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದು ಆ ವರ್ಷದ ನ್ಯಾಯ. ನಾನು ನೋಡುತ್ತಿದ್ದದ್ದು ಅವಳ ಮುಂದಿನ ಇಪ್ಪತ್ತು ವರ್ಷ.

ಫೋನ್ ಬಂದದ್ದು ಏಪ್ರಿಲ್ ಮುಗಿಯುವಾಗ. ವಾರಗಿತ್ತಿ ಬಂದು, "ಅಕ್ಕ, ನಾಳೆ ನೀರು ಅಳೆಯೋ ಹುಡುಗಿ ಬರ್ತದಂತೆ. ನಿಮ್ಮ ಸೌತೆಗೆ ಇವತ್ತು ನೀರು ಕಟ್ಟಬೇಡಿ" ಎಂದಳು. ಕಟ್ಟ ತುಂಬಿಸಲು ಶುರುವಾಗಿತ್ತು.

ಮೈದುನನ ಹತ್ತಿರ ಇನ್ನೊಮ್ಮೆ ಮಾತಾಡಿ ಪ್ರಯೋಜನವಿರಲಿಲ್ಲ. ಬೆಳಿಗ್ಗೆ ಅವನ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳುತ್ತಿದ್ದಾಗಲೇ ನಾನು ಮೊರದಲ್ಲಿ ಅಲಸಂದೆ ಹಾಕಿಕೊಂಡು ಕಟ್ಟಕ್ಕೆ ಹೋದೆ. ಕಂಡಿಯ ಹಲಗೆಗಳ ಮೇಲೆ ಗೋಣಿ ಹಾಸಿ ಕೂತೆ. ಬೆನ್ನ ಹಿಂದೆ ತುಂಬಿದ ನೀರು, ಕಾಲ ಕೆಳಗೆ ಒಣ ಕಲ್ಲು. ಕಾಯಿ ಬಿಡಿಸುತ್ತ ಕಾದೆ.

ಅವನು ಬಂದ. ನೋಡಿದ.

"ಏಳು ಅತ್ತಿಗೆ."

"ಏಳದಿಲ್ಲ."

"ಜೀಪು ಬರೋ ಹೊತ್ತಾಯ್ತು. ಹಲಗೆ ಎತ್ತಬೇಕು."

"ಎತ್ತು. ನನ್ನ ಸಮೇತ ಎತ್ತು."

ನಮ್ಮಲ್ಲಿ ಮೈದುನನಾದವನು ಅತ್ತಿಗೆಯ ಮೈ ಮುಟ್ಟುವುದಿಲ್ಲ, ಅದರಲ್ಲೂ ಅಣ್ಣ ಇಲ್ಲದ ಮೇಲೆ. ಅತ್ತಿಗೆ ತಾಯಿ ಸಮಾನ. ಅವನು ಒಂದು ದಡಕ್ಕೆ ಹೋದ, ಇನ್ನೊಂದು ದಡಕ್ಕೆ ಹೋದ. ಹಾರೆ ತಂದ, ಅದನ್ನು ಎಲ್ಲಿಗೆ ಹಾಕುವುದೆಂದು ತಿಳಿಯದೆ ಕೆಳಗಿಟ್ಟ. ಹೆಂಡತಿಯನ್ನು ಕರೆದ. ಅವಳು ದಡದಲ್ಲಿ ನಿಂತು, "ಅಕ್ಕಾ, ನಾಚಿಕೆಗೇಡು, ಎದ್ದೇಳಿ" ಎಂದಳು.

"ನಾಚಿಕೆಯಾದ್ರೆ ನೀನು ಬಂದು ಎಬ್ಬಿಸು. ನೀನು ಮುಟ್ಟಬಹುದಲ" ಎಂದೆ.

ಅವಳು ನನ್ನ ತೋಳನ್ನು ನೋಡಿದಳು, ತನ್ನ ತೋಳನ್ನು ನೋಡಿಕೊಂಡಳು, ಅಲ್ಲೇ ನಿಂತಳು.

ಜೀಪು ಬಂತು. ಮೋರಿಯ ಹತ್ತಿರ ನಿಂತಿತು. ಆ ಹುಡುಗಿ ಇಳಿದಾಗ ಅವಳ ಗೆರೆಪಟ್ಟಿಯ ಬುಡದಲ್ಲಿ ಹಳ್ಳವೇ ಇರಲಿಲ್ಲ. ಕೆಳಗಿನ ಕಟ್ಟದವರು ನಮ್ಮ ಹಲಗೆ ಏಳುವುದನ್ನು ಕಾದು ತಮ್ಮದನ್ನೂ ಎತ್ತಿರಲಿಲ್ಲ. ಅವಳು ದಾರಿ ಬಿಟ್ಟು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹಳ್ಳದ ಒಳಗೇ ಮೇಲಕ್ಕೆ ಬಂದಳು. ಕಟ್ಟವನ್ನು ನೋಡಿದಳು, ಹಿಂದಿನ ನೀರನ್ನು ನೋಡಿದಳು, ಮೊರ ಹಿಡಿದು ಕೂತ ನನ್ನನ್ನು ನೋಡಿದಳು, ತಲೆ ತಗ್ಗಿಸಿ ನಿಂತ ಮೈದುನನನ್ನು ನೋಡಿದಳು.

"ನಾನು ಬಂದಾಗೆಲ್ಲ ಇದನ್ನ ಬಿಡ್ತಿದ್ರಾ?" ಎಂದಳು. ನಾನು ಬಾಯಿ ತೆರೆಯುವ ಮುಂಚೆಯೇ ಅವಳಿಗೆ ಗೊತ್ತಾಗಿತ್ತು.

"ಬೇಸಿಗೆಯಲ್ಲಿ ಹೌದು. ಮಳೆಗಾಲದ್ದು ನಿಜ" ಎಂದೆ.

"ಯಾಕೆ?"

"ನೀನು ನೆಂಟಳು. ಅದಕ್ಕೆ."

ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಅದಕ್ಕೆ ಸಿದ್ಧವಾಗಿಯೂ ಇದ್ದೆ. ಅವಳು ನಕ್ಕಳು. "ಮಾಡೆಲ್ಲೇ ಸರಿ ಇತ್ತು. ನಾನು ಅದರ ಕಿವಿ ಹಿಂಡಿ ತಪ್ಪು ಮಾಡಿಸಿದೆ. ಇಡೀ ತಿಂಗಳು ಕೂತು ಇಲ್ಲದ ನೀರನ್ನ ಗುಡ್ಡದೊಳಗೆ ತುಂಬಿಸಿದ್ದೀನಿ" ಎಂದಳು. ಆಮೇಲೆ ಮೈದುನನ ಕಡೆ ತಿರುಗಿ, "ಒರತೆ ತೋರಿಸಿ, ಹೋಗೋಣ" ಎಂದಳು.

"ಎಂತ ಒರತೆ ಮೇಡಂ" ಎಂದ ಅವನು. "ನಮ್ಮ ಅತ್ತಿಗೆ ಕೂತಿರೋದೇ ಒರತೆ ಮೇಲೆ."

ಕಟ್ಟದ ಮೇಲ್ಭಾಗಕ್ಕೆ, ಗುಡ್ಡದಿಂದ ನಿಜಕ್ಕೂ ನೀರು ಬರುವ ಜಾಗಕ್ಕೆ, ಅವಳನ್ನು ಕರೆದುಕೊಂಡು ಹೋದೆ. ಅಲ್ಲಿ ಅವಳ ಚಕ್ರದ ಕೋಲು ಅದ್ದುವಷ್ಟು ಆಳವಿರಲಿಲ್ಲ. ಬಾಳೆದಿಂಡಿನ ಪಟ್ಟೆಯನ್ನು ದೋಣಿಯ ಹಾಗೆ ಇಟ್ಟು ನೀರು ಒಟ್ಟುಮಾಡಿ, ನಮ್ಮ ಮನೆಯ ಬಕೆಟ್ ಹಿಡಿದು, ಗಡಿಯಾರ ನೋಡುತ್ತ ತುಂಬಿಸಿದಳು. ಬಕೆಟ್ ತುಂಬುವುದರೊಳಗೆ ಮೈದುನ ಎಲೆ ಅಡಿಕೆ ಹಾಕಿ ಉಗಿದೂ ಆಗಿತ್ತು. ಅವಳು ಲ್ಯಾಪ್‌ಟಾಪ್ ತೆರೆದು ಗುಡ್ಡದೊಳಗೆ ತುಂಬಿಸಿದ್ದ ನೀರನ್ನು ತೆಗೆದಳು. ನೀಲಿ ಗೆರೆ ಮತ್ತೆ ನೆಲಕ್ಕೆ ಮಲಗಿತು. ಆ ದಿನದ ಚುಕ್ಕಿ ಅದರ ಮೇಲೇ ಹೋಗಿ ಕೂತಿತು.

"ಪಂಪು ಇಲ್ಲಿ ಆಗಲ್ಲ ಅಮ್ಮ. ಹೊಳೆಯಿಂದಲೇ ತರಬೇಕು. ನಾನು ಹಾಗೇ ಬರೀತೀನಿ. ಆದ್ರೆ ಮೇಲೆ ಒಪ್ಪೋದು ನನ್ನ ಕೈಯಲ್ಲಿಲ್ಲ. ಎಷ್ಟು ದಿನ ಆಗುತ್ತೋ, ಕೇಳೋರಿಲ್ಲದಿದ್ರೆ ಕಡತ ಅಲ್ಲೇ ಕೂತಿರುತ್ತೆ."

"ಕಡತ ಎಲ್ಲಿ ಕೂತಿರ್ತದೆ?"

"ಕೊಪ್ಪದ ಆಫೀಸಿನಲ್ಲಿ, ಮೊದಲು."

ಹೊಳೆಯ ಪೈಪು ಕೊನೆಗೆ ಬಂತು. ಬೇಗ ಬರಲಿಲ್ಲ. ಮಗಳು ಅದಕ್ಕೆ ಮೊದಲು ಇನ್ನೂ ಕೆಲವು ಬೇಸಿಗೆ ಗುಂಡಿಯ ನೀರನ್ನೇ ಹೊತ್ತಳು. ಆ ಲೆಕ್ಕವನ್ನು ಅವಳು ಇವತ್ತಿಗೂ ನನ್ನ ಮುಂದೆ ಇಡುತ್ತಾಳೆ, ಇಡಲಿ. ಈಗ ಏಪ್ರಿಲಿನಲ್ಲಿ ಅವಳ ನಲ್ಲಿಯಲ್ಲಿ ನೀರು ಬರುತ್ತದೆ. ಆ ದಿನ ಎದ್ದುಬಿಟ್ಟಿದ್ದರೆ ಬರುತ್ತಿರಲಿಲ್ಲ. ನನಗೆ ಅದರಲ್ಲಿ ಅನುಮಾನ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.

ಆದರೆ ಅವತ್ತು ಸಂಜೆ ಪೈಪೂ ಇರಲಿಲ್ಲ, ಪಂಪೂ ಇರಲಿಲ್ಲ. ಸುದ್ದಿ ಗುಡ್ಡ ಹತ್ತಲು ಹೊತ್ತು ಹಿಡಿಯಲಿಲ್ಲ. ಮಗಳು ಇಳಿದು ಬಂದಳು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತಳು. ಮೈದುನ, ವಾರಗಿತ್ತಿ ತಮ್ಮ ಜಗಲಿಯಲ್ಲಿ ಕೂತು ಕೇಳುತ್ತಿದ್ದರು.

"ಸಮಾಧಾನ ಆಯ್ತಾ ಅವ್ವ?"

"ಒಳಗೆ ಬಾ. ಕಾಫಿ ಕುಡಿ."

"ಕೈಗೆ ಬಂದಿದ್ದ ನೀರನ್ನ ಕೂತ್ಕಂಡು ಹಾಳು ಮಾಡಿದೆ. ಹೆತ್ತವರು ಯಾರಾದ್ರೂ ಮಾಡ್ತಾರಾ ಇದನ್ನ?"

"ಕೈಗೆ ಬಂದಿದ್ದು ನೀರಲ್ಲ, ನಲ್ಲಿ."

"ಸರಿ ಹಂಗಾದ್ರೆ" ಎಂದಳು. "ನಿನಗೆ ಅಷ್ಟು ಧೈರ್ಯ ಇದ್ರೆ ಹೊಳೆನ ಸೆರಗಿಗೆ ಕಟ್ಕಂಡು ಗುಡ್ಡಕ್ಕೆ ತಗೊಂಡು ಬಾ. ಅಲ್ಲೀ ತನಕ ನಮ್ಮನೆ ಹೊಸಿಲು ತುಳಿಯಬೇಡ."

ಅವಳು ಹೋದ ಮೇಲೆ ಮೈದುನ ಅಲ್ಲಿಂದಲೇ ಕೇಳಿದ, "ಇನ್ನೆಂತ ಮಾಡ್ತೀ ಅತ್ತಿಗೆ?"

"ಹಲಗೆ ಎತ್ತಬೇಡ, ನನ್ನ ಸೌತೆಗೆ ನೀರು ಕಟ್ಟು. ಎರಡು ದಿನದಿಂದ ಒಣಗಿದೆ" ಎಂದೆ. ಅವನು ಹೋಗಿ ಕಟ್ಟಿದ.

ಮರುದಿನ ಬೆಳಿಗ್ಗೆ ಹಾಲು ಕರೆದು, ಕೊಟ್ಟಿಗೆಯ ಕೆಲಸವನ್ನು ವಾರಗಿತ್ತಿಗೆ ಹೇಳಿ, ಮೊದಲನೆಯ ಬಸ್ಸಿಗೆ ಕೊಪ್ಪಕ್ಕೆ ಹೋದೆ. ಆಫೀಸು ಇನ್ನೂ ತೆರೆದಿರಲಿಲ್ಲ. ಒಬ್ಬಳು ಮೆಟ್ಟಿಲು ಗುಡಿಸುತ್ತಿದ್ದಳು. ಪಕ್ಕಕ್ಕೆ ಸರಿಯಿರಿ ಎಂದಳು. ನಾನು ಸರಿದು ನಿಂತು, ಹೊಳೆಯ ನೀರು ನೋಡಿಕೊಳ್ಳುವ ಸಾಹೇಬ ಯಾವ ಕುರ್ಚಿಯಲ್ಲಿ ಕೂರುತ್ತಾನೆ ಎಂದು ಅವಳನ್ನು ಕೇಳಿದೆ.